ಇಪ್ಪತ್ತನಾಲ್ಕು ಇಲಿಗಳ ಅರಿಶಿನ

೨೯ ಸೆಪ್ಟೆಂಬರ್ ೧೯೮೬, ಸೋಮವಾರ

ದಿನಚರಿ ಬರೆಯುವ ಅಭ್ಯಾಸ ನನಗಿರಲಿಲ್ಲ. ಪ್ರಯೋಗದ ನೋಟ್‌ಬುಕ್ಕಿನಲ್ಲಿ ಕೋಪ ಬರೆಯಲು ಕಾಲಮ್ ಇಲ್ಲ, ಅದಕ್ಕೆ ಇದನ್ನು ಶುರುಮಾಡಿದ್ದೇನೆ. ಕನ್ನಡದಲ್ಲಿ ಬರೆಯುವುದು ಭಾಷಾಭಿಮಾನದಿಂದೇನೂ ಅಲ್ಲ. ಅಮ್ಮಿಗೆ ಕನ್ನಡ ಓದಲು ಬಾರದು, ಅಬ್ಬಾ ಅಂಗಡಿ ಬೋರ್ಡಿನಷ್ಟು ಓದುತ್ತಾರೆ, ತಮ್ಮ ಮಜೀದನಿಗೆ ಓದಲು ಬಂದರೂ ಸೋಮಾರಿತನ ಬಿಡುವುದಿಲ್ಲ. ಆರ್.ಟಿ. ನಗರದ ಮೂರು ಕೋಣೆಯ ನಮ್ಮ ಮನೆಯಲ್ಲಿ ಬೀಗ ಹಾಕದೆ ಇಡಬಹುದಾದ ಗುಟ್ಟು ಇದೊಂದೇ.

ಇವತ್ತಿನ ಕೋಪ ಕ್ಯಾಲೆಂಡರಿನ ಮೇಲೆ. ಮಾರ್ಚ್ ಮೂವತ್ತೊಂದಕ್ಕೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಪ್ರಬಂಧದ ಐದು ಅಧ್ಯಾಯಗಳಲ್ಲಿ ನಾಲ್ಕು ಬರೆದಾಗಿದೆ. ಐದನೆಯದು ಇನ್ನೂ ಹುಟ್ಟದ ಒಂದು ಎಕ್ಸ್-ರೇ ಫಿಲ್ಮಿನ ಮೇಲೆ ನಿಂತಿದೆ. ಅದು ಬಾರದಿದ್ದರೆ ಪಿಎಚ್.ಡಿ. ಇಲ್ಲ, ಆರು ವರ್ಷ ಹೆಬ್ಬಾಳದ ಸಂಶೋಧನಾ ಸಂಸ್ಥೆಯಲ್ಲಿ ಕೆರೆಯ ಗಾಳಿ ಕುಡಿದದ್ದೇ ಲಾಭ. ಮನೆಯಲ್ಲೂ ಅದೇ ಗಡುವು. "ಮಾರ್ಚ್ ತಕ್ ದೇಖ್ತೇ. ಉಸ್ಕೆ ಬಾದ್ ಬಸ್" ಎಂದು ಅಬ್ಬಾ ಹೇಳಿಬಿಟ್ಟಿದ್ದಾರೆ. ಮಾರ್ಚ್‌ವರೆಗೆ ನೋಡುತ್ತಾರಂತೆ, ಆಮೇಲೆ ಸಾಕಂತೆ. ಚಿಕ್ಕಬಾಣಾವರದಲ್ಲಿ ರೈಲ್ವೆ ಗುಮಾಸ್ತರೊಬ್ಬರು ಕಾದಿದ್ದಾರೆ. ಮೂವತ್ತು ದಾಟಿದ ಹುಡುಗಿಗಾಗಿ ಕಾಯುವವರು ಒಳ್ಳೆಯವರೇ ಇರಬೇಕು. ಆದರೂ ನನಗೆ ಬೇಡ.

೬ ಅಕ್ಟೋಬರ್, ಸೋಮವಾರ

ಇಪ್ಪತ್ತನಾಲ್ಕು ಇಲಿಗಳಿಗೂ ಇವತ್ತು ರೋಗ ಕೊಟ್ಟೆ. ಎಂಥ ಮಾತು ಬರೆಯುತ್ತಿದ್ದೇನೆ. ಆದರೆ ಕೆಲಸ ಅದೇ. ತೀವ್ರ ರಕ್ತದ ಕ್ಯಾನ್ಸರ್ ಇರುವ ಒಂದು ಇಲಿಯಿಂದ ರಕ್ತಕಣಗಳನ್ನು ತೆಗೆದು ಆರೋಗ್ಯವಾಗಿರುವ ಇಲಿಯ ಹೊಟ್ಟೆಗೆ ಚುಚ್ಚಿದರೆ ಅದಕ್ಕೂ ಅದೇ ರೋಗ ಬರುತ್ತದೆ. ಹನ್ನೆರಡು ಹದಿಮೂರು ದಿನದಲ್ಲಿ ಸಾಯುತ್ತದೆ. ಆ ಕಣಗಳಲ್ಲಿ ಮಿಕ್ ಎಂಬ ಜೀನ್ ಒಂದು ವಿಪರೀತ ಜೋರು ಮಾಡುತ್ತಿರುತ್ತದೆ. ಬೇರೊಂದು ಕಾಯಿಲೆಗೆ ಹತ್ತಾರು ವರ್ಷದಿಂದ ಕೊಡುತ್ತಿರುವ ಹಳೆಯ ಔಷಧಿಯೊಂದು ಈ ಜೀನಿನ ಬಾಯಿ ಮುಚ್ಚಿಸಬಹುದು ಎಂಬುದು ನನ್ನ ಗೈಡ್ ಚನ್ನಕೇಶವ ಸಾರ್ ಅವರ ಊಹೆ. ಅದು ನಿಜವೋ ಅಲ್ಲವೋ ಎಂದು ನೋಡುವುದೇ ನನ್ನ ಐದನೆಯ ಅಧ್ಯಾಯ.

ಆರು ಪಂಜರ, ಪಂಜರಕ್ಕೆ ನಾಲ್ಕು ಇಲಿ. ಪ್ರತಿ ನಾಲ್ಕರಲ್ಲಿ ಎರಡಕ್ಕೆ ಔಷಧಿ, ಎರಡಕ್ಕೆ ಬರೀ ಉಪ್ಪುನೀರು. ಔಷಧಿಯವನ್ನೆಲ್ಲ ಒಂದು ಕಡೆ, ಉಪ್ಪುನೀರಿನವನ್ನೆಲ್ಲ ಇನ್ನೊಂದು ಕಡೆ ಇಡೋಣ ಎಂದರೆ ಸಾರ್ ಒಪ್ಪಲಿಲ್ಲ. "ಕಿಟಕಿ ಪಕ್ಕದ ಪಂಜರಕ್ಕೆ ಚಳಿ ಹೊಡೆದ್ರೆ ಅದನ್ನ ಔಷಧಿ ತಲೆ ಮೇಲೆ ಹಾಕ್ತೀಯಾ? ಬೆರೆಸಿಡು" ಎಂದರು. ಬೆರೆಸಿಟ್ಟೆ. ಔಷಧಿಯ ಇಲಿಗಳ ತಲೆಗೆ ಪಿಕ್ರಿಕ್ ಆಮ್ಲದ ಹಳದಿ ಬೊಟ್ಟು. ಬಿಳಿ ಇಲಿಯ ಮೇಲೆ ಅದು ಚೆನ್ನಾಗಿ ಹಿಡಿಯುತ್ತದೆ. ಶೀಸೆ ತಳ ಕಂಡಿದ್ದರಿಂದ ನೀರು ಬೆರೆಸಿದೆ, ಬಣ್ಣ ಸ್ವಲ್ಪ ತೆಳುವಾಯಿತು.

ನಿಯಮದ ಪ್ರಕಾರ ಬೊಟ್ಟಿನ ಜೊತೆಗೆ ಕಿವಿಗೂ ತೂತು ಹಾಕಬೇಕು, ಔಷಧಿಯದಕ್ಕೆ ಬಲಗಿವಿಗೆ, ಉಪ್ಪುನೀರಿನದಕ್ಕೆ ಎಡಗಿವಿಗೆ. ಬಣ್ಣ ಹೋದರೂ ತೂತು ಹೋಗುವುದಿಲ್ಲ. ಆದರೆ ನಮ್ಮ ಕಿವಿ ಚುಚ್ಚುವ ಇಕ್ಕಳ ಮೊಂಡಾಗಿದೆ, ಮೊದಲನೆಯ ಇಲಿಗೇ ರಕ್ತ ಬಂತು, ಆ ಸಣ್ಣ ಕೀರಲು ದನಿ ನನಗೆ ಆಗದು. ಬೊಟ್ಟು ಇದೆಯಲ್ಲ, ಒಂದು ಇಲಿಗೆ ಎರಡು ಗುರುತು ಯಾಕೆ ಎಂದುಕೊಂಡು ಬಿಟ್ಟುಬಿಟ್ಟೆ. ನೋಟ್‌ಬುಕ್ಕಿನಲ್ಲಿ "ಕಿವಿ ತೂತು" ಎಂಬ ಕಾಲಮಿಗೆ ಇಪ್ಪತ್ತನಾಲ್ಕು ಟಿಕ್ ಹಾಕಿದೆ. ಕಾಲಮ್ ಖಾಲಿ ಬಿಟ್ಟರೆ ಸಾರ್ ಕೇಳುತ್ತಾರೆ.

ಪಂಜರ ತೊಳೆಯುವ ಅಂಜಿನಮ್ಮನ ಮೇಲೆ ಇವತ್ತು ಎರಡು ಸಲ ರೇಗಿದೆ. ಈ ಇಲಿಗಳನ್ನು ಬೇರೆ ಊರಿನ ಪ್ರಯೋಗಾಲಯದಿಂದ ತರಿಸಿದ್ದು, ಮೊನ್ನೆ ಶನಿವಾರವಷ್ಟೇ ಬಂದಿವೆ. ಅವಳು ಆಗಲೇ ಅವಕ್ಕೆ ಮನೆಯಿಂದ ನೆನೆಸಿದ ಕಡಲೆ ತಂದಿದ್ದಳು. ಕೊಡಬೇಡ ಎಂದರೆ ತಲೆ ಆಡಿಸುತ್ತಾಳೆ, ಬೆನ್ನು ತಿರುಗಿಸಿದರೆ ಕೊಡುತ್ತಾಳೆ. ದಿನಗೂಲಿಯವಳು. ಕಾಯಂ ಮಾಡುವ ಫೈಲು ಆಫೀಸಿನಲ್ಲಿದೆಯಂತೆ. ಇಂಥವರನ್ನು ಕಾಯಂ ಮಾಡಿದರೆ ಶಿಸ್ತು ಎಲ್ಲಿಂದ ಬಂತು.

೮ ಅಕ್ಟೋಬರ್, ಬುಧವಾರ

ಎರಡನೆಯ ದಿನದ ಔಷಧಿ. ಇಲಿಗಳು ಇನ್ನೂ ಚೆನ್ನಾಗಿಯೇ ಇವೆ.

ನಾನು ಸೂಜಿ ಚುಚ್ಚುವಾಗ ಅಂಜಿನಮ್ಮ ಬಂದು ನಿಂತು, "ಇವ್ಕೆ ಒಟ್ಟೆ ಕುಯ್ದು ಏನ್ ನೋಡ್ತೀರಾ ಮೇಡಮ್ಮೋರೆ?" ಎಂದು ಕೇಳಿದಳು. ಪುರಸೊತ್ತಿತ್ತು, ಹೇಳಿದೆ. "ಜೀನ್ ಅಂತ ಇರುತ್ತೆ, ಎಲ್ಲಾ ಕಣದಲ್ಲೂ ಎಲ್ಲಾ ಜೀನೂ ಇರುತ್ತೆ. ಮನೇಲಿ ಎಲ್ಲರಿಗೂ ಬಾಯಿ ಇದ್ರೂ ಎಲ್ಲರೂ ಮಾತಾಡಲ್ಲ ನೋಡು, ಹಂಗೆ. ಯಾವುದು ಮಾತಾಡ್ತಿದೆ, ಎಷ್ಟು ಜೋರಾಗಿ ಅಂತ ನೋಡ್ತೀನಿ."

"ಕೇಳಿಸ್ತದಾ?"

"ಕೇಳಿಸಲ್ಲ. ಎಕ್ಸ್-ರೇ ಫಿಲ್ಮಲ್ಲಿ ಕಪ್ಪು ಪಟ್ಟಿ ಬೀಳುತ್ತೆ. ಜೋರಾಗಿ ಮಾತಾಡಿದ್ರೆ ದಟ್ಟ ಕಪ್ಪು, ಸುಮ್ನಿದ್ರೆ ಏನೂ ಇಲ್ಲ."

ಅವಳು, "ನಮ್ಮತ್ತೇದು ತೆಗುದ್ರೆ ಪಿಲಮ್ಮೆಲ್ಲ ಕಪ್ಪಾಯ್ತದೆ" ಎಂದಳು. ನಗು ಬಂತು, ನಗಲಿಲ್ಲ. ಸಲಿಗೆ ಕೊಟ್ಟರೆ ನಾಳೆ ತಲೆಯ ಮೇಲೆ ಕೂರುತ್ತಾಳೆ.

೧೦ ಅಕ್ಟೋಬರ್, ಶುಕ್ರವಾರ

ಬೆಳಗ್ಗೆ ನಾಲ್ಕನೆಯ ಮತ್ತು ಕೊನೆಯ ಔಷಧಿ ಕೊಟ್ಟೆ. ಇನ್ನು ಸೋಮವಾರದವರೆಗೆ ಕಾಯುವುದಷ್ಟೇ.

ರಜೆ ಹತ್ತಿರವಾದ್ದರಿಂದ ಸಂಸ್ಥೆಯಲ್ಲಿ ಆಯುಧಪೂಜೆಯನ್ನು ಇವತ್ತೇ ಮುಗಿಸಿದರು. ರಕ್ತ ತಿರುಗಿಸುವ ಯಂತ್ರಕ್ಕೆ ಸೇವಂತಿಗೆ ಹಾರ, ನನ್ನ ಪಿಪೆಟ್ಟುಗಳಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ವರ್ಷವಿಡೀ ಧೂಳು ಕಂಡರೆ ಕಿರುಚುವ ಚನ್ನಕೇಶವ ಸಾರ್ ಇವತ್ತು ತಾವೇ ತಕ್ಕಡಿಗೆ ವಿಭೂತಿ ಹಚ್ಚಿ ಕೈಮುಗಿದರು. ನಾನೂ ಪುರಿ, ಬತ್ತಾಸು ಕಟ್ಟಿಸಿಕೊಂಡು ಎರಡು ಗಂಟೆಗೇ ಮನೆಗೆ ಬಂದೆ. ಮಜೀದ್ ಬತ್ತಾಸೆಲ್ಲ ತಿಂದ.

೧೧ ಅಕ್ಟೋಬರ್, ಶನಿವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಒಂಬತ್ತಕ್ಕೆ ಇಲಿಮನೆಗೆ ಹೋದೆ. ಇಪ್ಪತ್ತನಾಲ್ಕು ಇಲಿಗಳ ತಲೆಯೂ ಹಳದಿ. ಅರಿಶಿನ. ಪಂಜರಗಳಿಗೆ ಹೂವು. ಅಂಜಿನಮ್ಮ ಗುಡಿಸುತ್ತಿದ್ದಳು.

"ಯಾರು ಮಾಡಿದ್ದು ಇದು?"

"ನಾನೇಯಾ. ಅಬ್ಬದ ದಿನ ಮಿಸೀನಿಗೆಲ್ಲ ಇಕ್ತಾರೆ, ಇವ್ಕೆ ಯಾಕೆ ಬ್ಯಾಡ? ನಿಮ್ಗೆ ಆಯ್ದ ಅಂದ್ರೆ ಇವೇ ಅಲ್ವಾ?"

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದನ್ನೂ ಉಜ್ಜಿದೆ. ದಟ್ಟ ಹಳದಿ ಹೋಗಿ ತೆಳು ಹಳದಿ ಉಳಿಯಿತು, ಎಲ್ಲದರ ಮೇಲೂ ಒಂದೇ ತೆಳು. ನನ್ನ ನೀರು ಬೆರೆಸಿದ ಬೊಟ್ಟು ಯಾವುದು, ಅರಿಶಿನ ಯಾವುದು, ದೇವರೇ ಬಲ್ಲ. ಕಿವಿ ನೋಡಿದೆ. ಇಪ್ಪತ್ತನಾಲ್ಕರಲ್ಲಿ ಒಂದಕ್ಕೆ ಮಾತ್ರ ತೂತು, ಬಲಗಿವಿಗೆ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹೊಸ ಇಲಿ ತರಿಸಿ ಮೊದಲಿಂದ ಮಾಡಲು ಎರಡು ತಿಂಗಳು ಬೇಕು. ಅಷ್ಟರಲ್ಲಿ ಫಲಿತಾಂಶ ಕೈಕೊಟ್ಟರೆ ಮಾರ್ಚ್ ಬಂದುಬಿಡುತ್ತದೆ.

ಅಂಜಿನಮ್ಮನಿಗೆ ಅರ್ಥವಾದಾಗ ಮುಖ ಸಣ್ಣದಾಯಿತು. "ಗುರ್ತು ಅಳಿಸೋದ್ರೆ ಏನಂತೆ, ನಂಗೆ ಗೊತ್ತಾಯ್ತದೆ. ನಾ ಬಿಡ್ಸಿ ಕೊಡ್ತೀನಿ" ಎಂದಳು. ನಂಬಲಿಲ್ಲ. ಪರೀಕ್ಷೆ ಮಾಡಿದೆ. ಮರಿ ಹಾಕುವ ಹತ್ತು ತಾಯಿ ಇಲಿಗಳನ್ನು ಒಂದೇ ಬಕೆಟ್ಟಿಗೆ ಹಾಕಿ ಕಲಸಿ, ಅವುಗಳ ಪಂಜರಕ್ಕೆ ವಾಪಸು ಬಿಡು ಎಂದೆ. ಆ ತಾಯಿಗಳ ಕಿವಿಯಲ್ಲಿ ತೂತುಗಳಿವೆ, ಹಾಗಾಗಿ ತಾಳೆ ನೋಡಬಹುದಿತ್ತು. ಅವಳು ಕಿವಿಯನ್ನು ನೋಡಲೇ ಇಲ್ಲ. ಒಂದೊಂದನ್ನೇ ಅಂಗೈ ಮೇಲೆ ಕೂರಿಸಿಕೊಂಡು, "ನೀ ಆ ಮೂಲೇಳು ಕಣೆ" ಎಂದು ಬಿಟ್ಟಳು. ಹತ್ತಕ್ಕೆ ಹತ್ತೂ ಸರಿ.

ಆಮೇಲೆ ನಮ್ಮ ಇಪ್ಪತ್ತನಾಲ್ಕನ್ನೂ ಅವಳೇ ಎರಡು ಪಾಲು ಮಾಡಿದಳು. ಔಷಧಿಯವು ಹನ್ನೆರಡು, ಉಪ್ಪುನೀರಿನವು ಹನ್ನೆರಡು. ಕಿವಿಯಲ್ಲಿ ತೂತಿದ್ದ ಆ ಒಂದು ಇಲಿ ಔಷಧಿಯದು. ಅದನ್ನು ನಾನೇ ಮೊದಲು ತೆಗೆದಿಟ್ಟಿದ್ದೆ. ಅವಳು ಬೇರ್ಪಡಿಸಿದ ಎರಡೂ ಪಾಲಿಗೆ ನಾನು ಕೂಡಲೇ ಕಿವಿ ಚುಚ್ಚಿದೆ. ನೋಟ್‌ಬುಕ್ಕಿನಲ್ಲಿ ಟಿಕ್ ಹೇಗೂ ಇತ್ತು. ಈಗ ಅದು ನಿಜವೂ ಆಯಿತು.

೧೩ ಅಕ್ಟೋಬರ್, ಸೋಮವಾರ

ಇಪ್ಪತ್ತನಾಲ್ಕೂ ಮುಗಿದವು. ಈ ರೋಗದಲ್ಲಿ ಮೊದಲು ಊದುವ ಅಂಗವಾದ ಗುಲ್ಮವನ್ನು ತೆಗೆದು ಐಸಿನಲ್ಲಿಟ್ಟೆ. ಒಂದು ಪಾಲಿನವುಗಳ ಗುಲ್ಮ ಚಿಕ್ಕದು, ಇನ್ನೊಂದು ಪಾಲಿನವುಗಳದ್ದು ಊದಿಕೊಂಡು ಹುಣಸೆಹಣ್ಣಿನ ಹಾಗೆ. ಚಿಕ್ಕ ಗುಲ್ಮವೆಲ್ಲ ಔಷಧಿಯ ಪಾಲಿನದು.

ಕಿವಿಯಲ್ಲಿ ಮೊದಲೇ ತೂತಿದ್ದ ಇಲಿಯ ಗುಲ್ಮ ಮಾತ್ರ ದೊಡ್ಡದಿತ್ತು. ಹನ್ನೆರಡರಲ್ಲಿ ಒಂದು ಹಾಗಿರುತ್ತದೆ.

೧೭ ಅಕ್ಟೋಬರ್

ಕರೆಂಟಿಲ್ಲ. ಫಿಲ್ಮಿನ ಮೇಲೆ ಪಟ್ಟಿ ಮೂಡಿಸುವ ವಿಕಿರಣ ರಂಜಕವೂ ಬೊಂಬಾಯಿಯಿಂದ ಬಂದಿಲ್ಲ.

೨೪ ಅಕ್ಟೋಬರ್, ಶುಕ್ರವಾರ

ರಂಜಕ ಬಂತು. ಗುಲ್ಮಗಳ ಸಾರ ಇಳಿಸಿದ ಹಾಳೆಗೆ ಹಚ್ಚಿ, ಫಿಲ್ಮ್ ಇಟ್ಟು, ಫ್ರೀಜರಿಗೆ ಹಾಕಿದ್ದೇನೆ. ಇನ್ನು ಒಂದು ವಾರ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಮ್ಮಿ ಊಟಕ್ಕೆ ಕರೆದದ್ದು ಮೂರು ಸಲವೂ ಕೇಳಿಸಲಿಲ್ಲವಂತೆ.

೩೧ ಅಕ್ಟೋಬರ್, ಶುಕ್ರವಾರ

ಬಂತು!

ಕತ್ತಲೆ ಕೋಣೆಯಲ್ಲಿ ನೀರು ತೊಟ್ಟಿಕ್ಕುವ ಫಿಲ್ಮನ್ನು ಕೆಂಪು ದೀಪಕ್ಕೆ ಹಿಡಿದೆ. ಬಲಗಡೆ ಹನ್ನೆರಡು ಕಪ್ಪು ಪಟ್ಟಿಗಳು, ಕಾಡಿಗೆಯಷ್ಟು ಕಪ್ಪು. ಎಡಗಡೆ, ಔಷಧಿಯ ಕಡೆ, ಮಸುಕು, ಮಸುಕು, ಮಸುಕು. ಆ ಒಂದು ಇಲಿ ಬಿಟ್ಟರೆ ಹನ್ನೊಂದೂ ಬಾಯಿ ಮುಚ್ಚಿವೆ. ಆರು ವರ್ಷದಲ್ಲಿ ಇಷ್ಟು ಸ್ವಚ್ಛವಾದದ್ದನ್ನು ನಾನು ನೋಡಿಲ್ಲ. ಅಳು ಬಂತು, ಅತ್ತೆ. ಯಾರೂ ಇರಲಿಲ್ಲ.

ಚನ್ನಕೇಶವ ಸಾರ್ ಫಿಲ್ಮನ್ನು ಕಿಟಕಿಗೆ ಹಿಡಿದು ಐದು ನಿಮಿಷ ನೋಡಿದರು. ಆಮೇಲೆ, "ನೂರ್‌ಜಹಾನ್, ಕ್ಯಾಂಟೀನಿಗೆ ಹೋಗೋಣ ನಡಿ" ಎಂದರು. ನನಗೆ ಅವರು ಕಾಫಿ ಕೊಡಿಸಿದ್ದು ಇದೇ ಮೊದಲು. ಡಿಸೆಂಬರಿನಲ್ಲಿ ಹೈದರಾಬಾದಿನ ಸಮ್ಮೇಳನಕ್ಕೆ ಸ್ಲೈಡ್ ಮಾಡಿಸು ಎಂದರು. ಅರಿಶಿನದ ವಿಷಯ ಹೇಳಬೇಕು ಎಂದುಕೊಂಡೆ. ಕಾಫಿ ಮುಗಿಯುವುದರೊಳಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳುವಂಥದ್ದೇನಿದೆ, ಹತ್ತಕ್ಕೆ ಹತ್ತು ಸರಿ ಹೇಳಿದವಳು ಅವಳು.

೧೨ ನವೆಂಬರ್, ಬುಧವಾರ

ಊರಿನ ದೊಡ್ಡಾಸ್ಪತ್ರೆಯೊಂದರಿಂದ ಡಾಕ್ಟರ್ ಫಕೀರಪ್ಪ ಎಂಬುವರು ಬಂದಿದ್ದರು, ಮಕ್ಕಳ ವಾರ್ಡಿನವರು. ಸಾರ್ ಅವರ ಹಳೆಯ ಸ್ನೇಹಿತರಂತೆ. ಧಾರವಾಡದ ಕಡೆಯ ಮಾತು. ಫಿಲ್ಮ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮ ವಾರ್ಡಿನ್ಯಾಗ ಏಳು ಹುಡುಗೂರು ಅದಾವ್ರೀ. ನನ್ನ ಔಷಧಾ ಎಲ್ಲಾ ಮುಗದಾವ. ಇದು ಹಳೀ ಔಷಧಾ, ಸಣ್ಣ ಹುಡುಗೂರಿಗೂ ಕೊಡೂದು ಗೊತ್ತೈತಿ. ನನ್ನ ಕೈಯಾಗ ಬ್ಯಾರೆ ಏನೂ ಇಲ್ಲ. ಸೋಮವಾರದಿಂದ ಸುರು ಮಾಡ್ಲೇನು?"

ಸಾರ್ ನನ್ನ ಕಡೆ ನೋಡಿದರು. "ಏನಂತೀಯಮ್ಮಾ? ಕೆಲಸ ನಿಂದು."

ನಾನು, "ಫಿಲ್ಮ್ ಸ್ವಚ್ಛವಾಗಿದೆ ಸಾರ್" ಎಂದೆ. ಅದು ಸುಳ್ಳಲ್ಲ.

೧೪ ನವೆಂಬರ್, ಶುಕ್ರವಾರ

ಇವತ್ತು ಅಂಜಿನಮ್ಮನಿಗೆಂದು ಅಮ್ಮಿಯ ಹತ್ತಿರ ಶಾವಿಗೆ ಪಾಯಸ ಮಾಡಿಸಿಕೊಂಡು ಹೋಗಿದ್ದೆ. ಇಲಿಮನೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ತಿಂದೆವು. ಖುಷಿಯಲ್ಲಿ ಎಲ್ಲಾ ಹೇಳಿದೆ. "ನೀನು ಅವತ್ತು ಬಿಡಿಸಿಕೊಡದಿದ್ರೆ ಇದೆಲ್ಲ ಆಗ್ತಿರಲಿಲ್ಲ. ಸೋಮವಾರದಿಂದ ಆಸ್ಪತ್ರೇಲಿ ಏಳು ಮಕ್ಕಳಿಗೆ ಅದೇ ಔಷಧಿ ಕೊಡ್ತಾರಂತೆ."

ಅವಳ ಚಮಚ ಬಟ್ಟಲಲ್ಲೇ ನಿಂತಿತು.

"ಮಕ್ಳಿಗಾ?"

"ಹೂಂ."

"ಇಲೀಗಲ್ವಾ?"

"ಇಲಿ ಆಯ್ತಲ್ಲ. ಈಗ ಮಕ್ಕಳಿಗೆ."

ಬಟ್ಟಲು ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಅಂಗಳದ ಕಡೆ ನೋಡುತ್ತಾ ಹೇಳಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಮರಿ ಆಕೋ ಅಮ್ಮಂದಿರ್ನ ನಾ ಬಲ್ಲೆ. ಎಲ್ಡು ವರ್ಸದಿಂದ ಕೈಯಾಗೆ ಸಾಕಿವ್ನಿ. ಇವು ಬಂದು ಒಂದ್ ವಾರ ಆಗಿತ್ತು ಅಷ್ಟೇಯ. ಗುರ್ತು ಎಂಗ್ ಸಿಕ್ತದೆ? ನೀವು ಅಳೋ ಅಂಗೆ ಕುಂತಿದ್ರಿ. ನಂದೇ ತಪ್ಪು ಅಂತ ನಂಗೂ ಒಟ್ಟೆ ಉರೀತಿತ್ತು. ಔಸ್ದಿ ತಕ್ಕಂಡಿರೋವು ಚುರುಕಾಗೇ ಇರ್ತವೆ ಅಲ್ವಾ ಅಂತ, ಚುರುಕಾಗಿರೋವ್ನೆಲ್ಲ ಔಸ್ದಿ ಕಡೀಕ್ ಬಿಟ್ಟೆ. ಮಂಕಾಗಿರೋವ್ನ ಈ ಕಡೀಕೆ."

ಅವಳನ್ನು ಬೈಯಲು ಬಾಯಿ ಬರಲಿಲ್ಲ. ಎಲ್ಲದಕ್ಕೂ ತಾಳೆ ನೋಡುವ ನಾನು, ಎರಡು ವರ್ಷದ ಪರಿಚಯದ ಇಲಿಗಳನ್ನು ಕೊಟ್ಟು ಪರೀಕ್ಷೆ ಮಾಡಿ, ವಾರದ ಇಲಿಗಳಿಗೆ ಪಾಸು ಕೊಟ್ಟಿದ್ದೇನೆ.

ಹಾಗಾದರೆ ಆ ಫಿಲ್ಮ್ ಹೇಳುತ್ತಿರುವುದು ಇಷ್ಟೇ: ಚುರುಕಾಗಿರುವ ಇಲಿಯಲ್ಲಿ ಜೀನ್ ಸುಮ್ಮನಿದೆ, ಮಂಕಾಗಿರುವ ಇಲಿಯಲ್ಲಿ ಜೋರು ಮಾಡುತ್ತಿದೆ. ಔಷಧಿಯ ಬಗ್ಗೆ ಒಂದಕ್ಷರವನ್ನೂ ಅದು ಹೇಳುತ್ತಿಲ್ಲ.

೧೫ ನವೆಂಬರ್, ಶನಿವಾರ

ಸಂಸ್ಥೆಗೆ ಹೋಗಲಿಲ್ಲ. ಜ್ವರ ಎಂದು ಅಮ್ಮಿಗೆ ಹೇಳಿದೆ.

ಔಷಧಿ ಕೆಲಸ ಮಾಡಿದ್ದರಿಂದಲೇ ಚುರುಕಾಗಿರಬಹುದಲ್ಲ? ಇರಬಹುದು. ಹಾಗಿದ್ದರೆ ಅವಳು ಬಿಡಿಸಿದ್ದು ಸರಿಯಾಗಿಯೇ ಇರುತ್ತದೆ. ಹಳೆಯ ಔಷಧಿ, ಮಕ್ಕಳಿಗೆ ಕೊಟ್ಟು ಗೊತ್ತಿರುವಂಥದ್ದು. ಬೇರೆ ಏನೂ ಉಳಿದಿಲ್ಲ ಎಂದು ಡಾಕ್ಟರೇ ಹೇಳಿದರು. ಹೊಸದಾಗಿ ಮಾಡಿದರೂ ಇದೇ ಬರಬಹುದು. ಮಾರ್ಚ್‌ಗೆ ಪ್ರಬಂಧ ಕೊಟ್ಟು ಆಮೇಲೆ ನಿಧಾನವಾಗಿ ಇನ್ನೊಂದು ಸಲ ಮಾಡಿ ನೋಡಿದರೆ ಯಾರಿಗೇನು ನಷ್ಟ.

ಮೇಲಿನದನ್ನು ಮಧ್ಯಾಹ್ನ ಬರೆದದ್ದು. ಈಗ ಸಂಜೆ ಓದಿದೆ. ಕಿವಿಗೆ ಮೊದಲೇ ತೂತು ಬಿದ್ದಿದ್ದ ಒಂದು ಇಲಿ ಇತ್ತಲ್ಲ, ಅದು ಔಷಧಿಯದು ಎಂದು ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ. ಅದರ ಗುಲ್ಮ ಊದಿತ್ತು, ಅದರ ಪಟ್ಟಿ ಕಾಡಿಗೆಯಷ್ಟು ಕಪ್ಪಗಿತ್ತು. ಒಂದು ಇಲಿಯಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ನಾನು ಅದನ್ನು ನೋಡಿದ್ದೆ, ನೋಡಿಯೂ ಹನ್ನೆರಡರಲ್ಲಿ ಒಂದು ಎಂದು ಪಕ್ಕಕ್ಕಿಟ್ಟಿದ್ದೆ.

೧೬ ನವೆಂಬರ್, ಭಾನುವಾರ

ಬೆಳಗ್ಗೆ ಮಜೀದನನ್ನು ಎಬ್ಬಿಸಿ, ಯಲಹಂಕಕ್ಕೆ ಸ್ಕೂಟರಿನಲ್ಲಿ ಬಿಡು ಎಂದೆ. "ಕೈಕು ಆಪಾ, ಇತ್ವಾರ್ ಕೋ?" ಎಂದು ಗೊಣಗಿದ. ಭಾನುವಾರ ಯಾಕೆ ಎಂಬುದಕ್ಕೆ ನನ್ನ ಬಳಿ ಉತ್ತರವಿತ್ತು, ನಾಳೆ ಸೋಮವಾರ. ಅವನಿಗೆ ಹೇಳಲಿಲ್ಲ.

ಚನ್ನಕೇಶವ ಸಾರ್ ಮನೆಯ ಮುಂದೆ ಬನಿಯನ್ನಿನಲ್ಲಿ ಗುಲಾಬಿ ಗಿಡಕ್ಕೆ ಗೊಬ್ಬರ ಹಾಕುತ್ತಿದ್ದರು. ನನ್ನನ್ನು ಕಂಡು ಅಂಗಿ ಹಾಕಿಕೊಂಡು ಬಂದರು. ನಿಂತೇ ಹೇಳಿದೆ. ನೀರು ಬೆರೆಸಿದ ಬೊಟ್ಟು, ಹಾಕದ ತೂತು, ಹಾಕಿದ ಟಿಕ್, ಅರಿಶಿನ, ಚುರುಕು, ಮಂಕು. ಹೇಳಿ ಮುಗಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಐದು ವಾರ ಹೊತ್ತುಕೊಂಡಿದ್ದೆ.

"ಅರಿಶಿನ ಹಚ್ಚಿದ್ದು ಆ ಹೆಂಗಸಾ?" ಎಂದರು.

"ತೂತು ಹಾಕಿದ್ರೆ ಅರಿಶಿನದಿಂದ ಏನೂ ಆಗ್ತಿರಲಿಲ್ಲ ಸಾರ್. ತೂತು ಹಾಕಬೇಕಾಗಿದ್ದು ನಾನು."

ಅವರು ಕೈಗೆ ಮೆತ್ತಿದ ಗೊಬ್ಬರವನ್ನು ಒಂದೊಂದೇ ಬೆರಳಿನಿಂದ ಕೆರೆದರು. ಬೈದಿದ್ದರೆ ಹಗುರಾಗುತ್ತಿತ್ತು.

"ಹೈದರಾಬಾದಿಗೆ ಹೆಸರು ಕಳಿಸಾಗಿದೆ ಕಣಮ್ಮ."

"ಗೊತ್ತು ಸಾರ್."

"ನಿನ್ನ ಮಾರ್ಚೂ ಹೋಗಬಹುದು."

"ಗೊತ್ತು."

ಒಳಗೆ ಹೋಗಿ ಫೋನ್ ತಿರುಗಿಸಿದರು. ಮೂರನೆಯ ಸಲಕ್ಕೆ ಲೈನ್ ಸಿಕ್ಕಿತು. "ಫಕೀರಪ್ಪ, ನಾಳೆ ಶುರು ಮಾಡಬೇಡ. ನಮ್ಮ ಕಡೆ ತಪ್ಪಾಗಿದೆ" ಎಂದದ್ದು ಕೇಳಿಸಿತು. "ನನ್ನ ವಿದ್ಯಾರ್ಥಿನಿಯ ತಪ್ಪು" ಎನ್ನಲಿಲ್ಲ. ಸ್ಕೂಟರಿನ ಹಿಂದೆ ಕೂತು ಬರುವಾಗ ಅತ್ತೆ. ಮಜೀದ್ ನಿಧಾನವಾಗಿ ಓಡಿಸಿದ.

೧೭ ನವೆಂಬರ್, ಸೋಮವಾರ

ನೋಟ್‌ಬುಕ್ಕಿನಲ್ಲಿ ಇಪ್ಪತ್ತನಾಲ್ಕು ಟಿಕ್‌ಗಳ ಕೆಳಗೆ ಕೆಂಪು ಶಾಯಿಯಲ್ಲಿ ನಡೆದದ್ದನ್ನು ಬರೆದು ಸಹಿ ಹಾಕಿದೆ. ಗುರುತು ಅಳಿಸಿಹೋಯಿತು ಎಂದಷ್ಟೇ ಬರೆದೆ, ಹೇಗೆ ಎಂದು ಬರೆಯಲಿಲ್ಲ. ಕಾಯಂ ಫೈಲು ಆಫೀಸಿನಲ್ಲಿರುವಾಗ ಹೆಸರು ಬರೆಯುವುದು ಬೇಡ ಎನಿಸಿತು.

ಸಾರ್ ಇಲಿಮನೆ ನೋಡಲು ಬಂದರು. ಅವರು ಬಾಯಿ ತೆರೆಯುವ ಮೊದಲೇ ಅಂಜಿನಮ್ಮ ಪೊರಕೆ ಗೋಡೆಗೆ ಒರಗಿಸಿ ಎದುರು ಬಂದು ನಿಂತರು. "ಅರಿಸಿನ ಇಕ್ಕಿದ್ದೂ ನಾನೇ, ಇಲಿ ಬಿಡ್ಸಿದ್ದೂ ನಾನೇ. ಗೊತ್ತಿಲ್ದೆ ಗೊತ್ತದೆ ಅಂದೆ. ಮೇಡಮ್ಮೋರ್ನ ಬಯ್ಬ್ಯಾಡಿ" ಎಂದರು.

ಸಾರ್ ನನ್ನ ಕಡೆಗೊಮ್ಮೆ ನೋಡಿ, "ಮುಂದಿನ ವರ್ಷ ಪಂಜರಕ್ಕೆ ಹಚ್ಚಮ್ಮ. ಇಲಿಗೆ ಬೇಡ" ಎಂದರು. ಅಷ್ಟೇ. ಫೈಲಿನ ಮಾತು ಅವರೂ ಎತ್ತಲಿಲ್ಲ, ಅಂಜಿನಮ್ಮನೂ ಎತ್ತಲಿಲ್ಲ.

೨೪ ನವೆಂಬರ್, ಸೋಮವಾರ

ಬರಲು ತಿಂಗಳು ಹಿಡಿಯಬೇಕಿದ್ದ ಹೊಸ ಇಲಿಗಳು ಸಾರ್ ನಾಲ್ಕು ಕಡೆ ಕಾಡಿ ಬೇಡಿದ್ದರಿಂದ ವಾರದಲ್ಲೇ ಬಂದವು. ಮತ್ತೆ ಇಪ್ಪತ್ತನಾಲ್ಕು, ರೋಗವನ್ನೂ ಇವತ್ತೇ ಕೊಟ್ಟೆ. ಮೊಂಡು ಇಕ್ಕಳವನ್ನು ಅಂಜಿನಮ್ಮನ ಭಾವ ಮುನಿಯಣ್ಣ ಸಾಣೆ ಹಿಡಿಸಿಕೊಟ್ಟಿದ್ದಾರೆ. ಅಂಜಿನಮ್ಮ ಇಲಿ ಹಿಡಿದರು, ನಾನು ಚುಚ್ಚಿದೆ. ಔಷಧಿಯದಕ್ಕೆ ಬಲಗಿವಿ, ಉಪ್ಪುನೀರಿನದಕ್ಕೆ ಎಡಗಿವಿ. ಪ್ರತಿ ತೂತಿಗೂ ಟಿಕ್ ಹಾಕುವ ಮೊದಲು ಅವರಿಗೆ ತೋರಿಸಿದೆ.

"ನಂಗ್ಯಾಕ್ ತೋರುಸ್ತೀರಾ, ನಂಗೆ ಓದಕ್ ಬರಾಕಿಲ್ಲ."

"ತೂತು ನೋಡೋಕೆ ಓದು ಯಾಕೆ ಬೇಕು. ನೀವು ಹೂಂ ಅನ್ನಿ, ನಾನು ಬರೀತೀನಿ."

ಇಪ್ಪತ್ತನಾಲ್ಕು ಸಲ ಹೂಂ ಎಂದರು. ಕೀರಲು ದನಿ ಇವತ್ತೂ ಕೇಳಿಸಿತು. ಕೈ ನಿಲ್ಲಿಸಲಿಲ್ಲ.

೩೦ ನವೆಂಬರ್, ಭಾನುವಾರ

ರಜೆಯಾದರೂ ಅಂಜಿನಮ್ಮ ಇಲಿಮನೆಗೆ ಹೋಗಿ ನೋಡಿಕೊಂಡು, ನಮ್ಮ ಮನೆಯವರೆಗೆ ನಡೆದು ಬಂದಿದ್ದರು. ಅಮ್ಮಿ ಅವರಿಗೆ ಚಹಾ ಕೊಟ್ಟು, ಇಬ್ಬರೂ ಅರ್ಧಂಬರ್ಧ ಭಾಷೆಯಲ್ಲಿ ಮೊಣಕಾಲು ನೋವಿನ ವಿಷಯ ಮಾತಾಡಿದರು. ಹೊರಡುವಾಗ ಬಾಗಿಲಲ್ಲಿ ನನಗೆ ಹೇಳಿದರು.

"ಐದು ಸತ್ತೋಗವೆ."

ಆರನೆಯ ದಿನಕ್ಕೆ ಯಾವುದೂ ಸಾಯಬಾರದು. "ಯಾವ ಕಿವಿ?" ಎಂದು ಕೇಳಿದೆ.

ಅವರು ತಮ್ಮ ಬಲಗಿವಿಯನ್ನು ಮುಟ್ಟಿ ತೋರಿಸಿದರು.

೧೯ ಡಿಸೆಂಬರ್, ಶುಕ್ರವಾರ

ಫಿಲ್ಮ್ ತೊಳೆದೆ.

ಉಪ್ಪುನೀರಿನ ಹನ್ನೆರಡರಲ್ಲಿ ಪಟ್ಟಿ ಇದೆ, ಕಪ್ಪಗಿದೆ, ಕ್ಯಾನ್ಸರಿನಲ್ಲಿ ಇರಬೇಕಾದಷ್ಟು. ಈ ಸಲ ಚುಚ್ಚಿದ ಕಣಗಳೇ ಹೋದ ಸಲದವಕ್ಕಿಂತ ಉಗ್ರವಾಗಿದ್ದಿರಬೇಕು. ಔಷಧಿಯ ಕಡೆ ಬದುಕಿ ಉಳಿದಿದ್ದ ಏಳರಲ್ಲಿ ಅದಕ್ಕಿಂತ ದಟ್ಟ ಕಪ್ಪು, ಪಟ್ಟಿಯ ಅಂಚು ಹರಡಿಕೊಂಡಷ್ಟು. ಔಷಧಿ ಜೀನಿನ ಬಾಯಿ ಮುಚ್ಚಿಸಿಲ್ಲ. ಇನ್ನೂ ಕಿರುಚಿಸಿದೆ. ಅಕ್ಟೋಬರಿನ ಫಿಲ್ಮೂ ಬಹುಶಃ ಇದನ್ನೇ ಹೇಳಿತ್ತು, ನಾವು ಎಡಬಲದ ಹೆಸರನ್ನು ತಿರುಗಿಸಿ ಬರೆದಿದ್ದೆವು. ಮಂಕಾಗಿದ್ದವುಗಳಲ್ಲಿ ಹೆಚ್ಚಿನವು ಔಷಧಿಯವು.

ಚನ್ನಕೇಶವ ಸಾರ್ ನೋಡಿದರು. "ಇದನ್ನೇ ಐದನೇ ಅಧ್ಯಾಯ ಮಾಡು" ಎಂದರು. ಮಾರ್ಚಿನೊಳಗೆ ಬರೆದು ಮುಗಿಯುತ್ತದೋ ಇಲ್ಲವೋ ಗೊತ್ತಿಲ್ಲ ಎಂದೆ. "ಬರಿ. ಮಿಕ್ಕಿದ್ದು ನೋಡೋಣ" ಎಂದು ಡಾಕ್ಟರ್ ಫಕೀರಪ್ಪನವರಿಗೆ ಫೋನ್ ಮಾಡಲು ಹೋದರು.

ಫಿಲ್ಮ್ ಒಣಗಲು ತೂಗುಹಾಕಿ ಇಲಿಮನೆಗೆ ಬಂದೆ. ಅಂಜಿನಮ್ಮ ಪಂಜರ ತೊಳೆಯುತ್ತಿದ್ದರು. ನನ್ನ ಮುಖ ನೋಡಿ ನಲ್ಲಿ ನಿಲ್ಲಿಸಿದರು.

"ಏನಂತದೆ ಪಿಲಮ್ಮು?"

"ಔಷಧಿ ತಗೊಂಡವಕ್ಕೇ ರೋಗ ಜೋರಾಗಿದೆ. ಬೇಗ ಸತ್ತಿದ್ದೂ ಅವೇ."

ಅವರು ಕೈಯಲ್ಲಿದ್ದ ಪಂಜರವನ್ನು ಕೆಳಗಿಟ್ಟರು.

"ಆ ಮಕ್ಳಿಗೆ ಕೊಟ್ಬಿಟ್ಟವ್ರಾ?"

"ಇಲ್ಲ. ಒಂದು ದಿನವೂ ಕೊಟ್ಟಿಲ್ಲ."

ಒದ್ದೆ ಕೈಯಲ್ಲೇ ಗೋಡೆ ಹಿಡಿದುಕೊಂಡು ಅವರು ನೆಲದ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರಿಗೂ ಏಳಲು ಬಹಳ ಹೊತ್ತು ಬೇಕಾಯಿತು.